ಸೋಮವಾರಕ್ಕೆ ಉಳಿದ ಪಂದ್ಯ: ಡೇವಿಸ್ ಕಪ್ ನೋಡುವವರಿಗೆ ಒಂದಿಷ್ಟು

ಕಳೆದ ತಿಂಗಳು ಪ್ರಥಮ ಪಿಯು ಕಾಮರ್ಸ್ ತರಗತಿಯಲ್ಲಿ ಪಾಠ ಮುಗಿದು ಐದು ನಿಮಿಷ ಉಳಿದಿತ್ತು. ಫೆಬ್ರವರಿ 7 ಮತ್ತು 8ರಂದು ಬೆಂಗಳೂರಿನಲ್ಲಿ ಭಾರತ ಮತ್ತು ನೆದರ್ಲೆಂಡ್ಸ್ ನಡುವೆ ಡೇವಿಸ್ ಕಪ್ ಇದೆ, ನಾನು ಹೋಗುವವನಿದ್ದೇನೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಸರ್, ಟೆನಿಸ್ ಒಬ್ಬೊಬ್ಬರೇ ಆಡೋದಲ್ವಾ? ಅದ್ರಲ್ಲಿ ಇಂಡಿಯಾ ಟೀಮ್ ಎಲ್ಲಿಂದ ಬಂತು?" ಇಡೀ ತರಗತಿ ನಕ್ಕಿತು. ನಗುವಂಥ ಪ್ರಶ್ನೆ ಅದಲ್ಲ. ಅಷ್ಟರಲ್ಲಿ ಬೆಲ್ ಹೊಡೆಯಿತು, ಉತ್ತರ ಹಾಗೇ ಉಳಿಯಿತು. ಸುದ್ದಿಪತ್ರಿಕೆ ನೋಡಿಕೊಳ್ಳುವ ವಿದ್ಯಾರ್ಥಿಗಳು "ಸರ್, ಅದನ್ನೇ ಬರೆದು ಕೊಡಿ, ಎರಡು ಪುಟ ಖಾಲಿ ಇದೆ" ಎಂದರು. ಖಾಲಿ ಪುಟ ತುಂಬಿಸುವುದಕ್ಕೆ ಕರೆದರೂ ಬೇಸರವಿಲ್ಲ. ಬಹಳ ದಿನಗಳಿಂದ ಹೇಳಬೇಕೆಂದಿದ್ದ ವಿಷಯ ಇದು.

ನಾನು ಭೈರುಂಬೆಯವನು. ಅಡಕೆ ತೋಟ, ಬೆಟ್ಟ, ಮಳೆಗಾಲ ಬಂದರೆ ಉಂಬಳ. ನಾನು ಬೆಳೆಯುವಾಗ ಟೆನಿಸ್ ಕೋರ್ಟ್ ಎಂಬುದನ್ನು ಕಣ್ಣಾರೆ ಕಂಡಿರಲಿಲ್ಲ. ನಮ್ಮ ಕಡೆ ಆಟ ಎಂದರೆ ವಾಲಿಬಾಲ್. ಮಳೆ ಹೊರಟು ಗದ್ದೆ ಒಣಗಿದ ಮೇಲೆ ಹೊನಲು ಬೆಳಕಿನ ಪಂದ್ಯಾವಳಿ ಶುರುವಾಗುತ್ತದೆ. ರಾತ್ರಿಯಿಡೀ ಜನ ಕಂಬಳಿ ಹೊದ್ದು ಕುಳಿತು ತಮ್ಮ ಊರಿನ ತಂಡಕ್ಕೆ ಕೂಗುತ್ತಾರೆ. ಬೆಳಗಿನ ಜಾವಕ್ಕೆ ಗಂಟಲು ಬಿದ್ದುಹೋಗಿರುತ್ತದೆ. ಟೆನಿಸ್ ಎಂದರೆ ನನಗೆ ಟಿವಿಯಲ್ಲಿ ಕಂಡ ಇಬ್ಬರು ಆಟಗಾರರು ಮತ್ತು ಪರೀಕ್ಷಾ ಕೊಠಡಿಯಂತೆ ಮೌನವಾಗಿ ಕುಳಿತ ಸಾವಿರಾರು ಜನ, ಅಷ್ಟೇ. ಆ ಆಟಕ್ಕೂ ನಮ್ಮ ವಾಲಿಬಾಲ್ ಗದ್ದಲಕ್ಕೂ ಏನಾದರೂ ಸಂಬಂಧ ಇದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

2014ರ ಸೆಪ್ಟೆಂಬರ್‌ನಲ್ಲಿ ಅದು ಬದಲಾಯಿತು. ಆಗ ನಾನು ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ ಭಟ್ಕಳದವನು. ಅವನಿಗೆ ಟೆನಿಸ್ ಹುಚ್ಚು. ಕಬ್ಬನ್ ಪಾರ್ಕಿನೊಳಗಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣದಲ್ಲಿ ಭಾರತಕ್ಕೂ ಸರ್ಬಿಯಾಕ್ಕೂ ಡೇವಿಸ್ ಕಪ್ ಪಂದ್ಯ ಎಂದು ಗೊತ್ತಾದ ದಿನವೇ ನನ್ನ ಹೆಸರನ್ನೂ ಸೇರಿಸಿ ಟಿಕೆಟ್ ತಂದಿದ್ದ. "ನೀ ಬಾ ಮಾರಾಯ, ಒಂದ್ಸಲ ನೋಡು, ಆಮೇಲೆ ಮಾತಾಡು" ಎಂದ. ಹೋದೆ. ಆ ಮೂರು ದಿನಗಳನ್ನೇ ಉದಾಹರಣೆ ಮಾಡಿಕೊಂಡು ಹೇಳಿದರೆ ನಿಯಮ ಸುಲಭವಾಗಿ ತಿಳಿಯುತ್ತದೆ.

ಮೊದಲು ಎರಡು ಪದ. ಎರಡು ದೇಶಗಳ ನಡುವಿನ ಇಡೀ ಮುಖಾಮುಖಿಗೆ ಇಲ್ಲಿ 'ಟೈ' ಎನ್ನುತ್ತಾರೆ. ಕ್ರಿಕೆಟಿನಲ್ಲಿ ಟೈ ಎಂದರೆ ಸಮ, ಇಲ್ಲಿ ಹಾಗಲ್ಲ. ಆ ಟೈ ಒಳಗೆ ನಡೆಯುವ ಒಂದೊಂದು ಪಂದ್ಯಕ್ಕೆ 'ರಬ್ಬರ್' ಎಂದು ಹೆಸರು. ಪೆನ್ಸಿಲ್ ಗುರುತು ಅಳಿಸುವ ರಬ್ಬರಿಗೂ ಇದಕ್ಕೂ ಸಂಬಂಧವಿಲ್ಲ. ಒಂದು ಟೈನಲ್ಲಿ ಐದು ರಬ್ಬರ್: ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಮೂರು ಗೆದ್ದವರು ಟೈ ಗೆದ್ದಂತೆ. ಒಬ್ಬ ಆಟಗಾರ 6-0, 6-0 ಎಂದು ಗೆದ್ದರೂ ತಂಡಕ್ಕೆ ಸಿಗುವುದು ಒಂದೇ ಅಂಕ, ಏದುಸಿರು ಬಿಡುತ್ತ ಟೈಬ್ರೇಕರಿನಲ್ಲಿ ಗೆದ್ದರೂ ಒಂದೇ ಅಂಕ. ಚುನಾವಣೆಯಲ್ಲಿ ಒಂದು ಮತದಿಂದ ಗೆದ್ದ ಶಾಸಕನೂ ಶಾಸಕನೇ ಅಲ್ಲವೇ, ಹಾಗೆ.

ಪ್ರತಿ ತಂಡದಲ್ಲಿ ಹೆಚ್ಚೆಂದರೆ ಐವರು ಆಟಗಾರರು. ಸಿಂಗಲ್ಸ್ ಆಡುವ ಇಬ್ಬರಲ್ಲಿ ವಿಶ್ವ ರ‍್ಯಾಂಕಿಂಗ್‌ನಲ್ಲಿ ಮೇಲಿರುವವನು ನಂಬರ್ ಒಂದು, ಇನ್ನೊಬ್ಬ ನಂಬರ್ ಎರಡು. ಮೊದಲ ದಿನ ನಮ್ಮ ಒಂದಕ್ಕೆ ಅವರ ಎರಡು, ನಮ್ಮ ಎರಡಕ್ಕೆ ಅವರ ಒಂದು. ಯಾವುದು ಮೊದಲು ಎಂಬುದನ್ನು ಹಿಂದಿನ ದಿನ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಆಮೇಲೆ ಡಬಲ್ಸ್. ಕೊನೆಗೆ 'ರಿವರ್ಸ್ ಸಿಂಗಲ್ಸ್': ಒಂದಕ್ಕೆ ಒಂದು, ಎರಡಕ್ಕೆ ಎರಡು. ನಾನು ನೋಡಿದ ಕಾಲದಲ್ಲಿ ಇದು ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ ನಡೆಯುತ್ತಿತ್ತು, ಪ್ರತಿ ರಬ್ಬರಿಗೂ ಐದು ಸೆಟ್. ಈಗ ಎರಡೇ ದಿನ, ಮೂರು ಸೆಟ್. ಶನಿವಾರ ಎರಡು ಸಿಂಗಲ್ಸ್, ಭಾನುವಾರ ಉಳಿದ ಮೂರು.

ಈಗ ಆ ಶುಕ್ರವಾರಕ್ಕೆ ಬನ್ನಿ, 2014ರ ಸೆಪ್ಟೆಂಬರ್ 12. ಸರ್ಬಿಯಾ ತಂಡದಲ್ಲಿ ಜೊಕೊವಿಚ್ ಬಂದಿರಲಿಲ್ಲ. ಹಾಗಾಗಿ ನಮಗೆ ಭಾರೀ ಆಸೆ. ನನ್ನ ಗೆಳೆಯ ಮಧ್ಯಾಹ್ನ ಜುಮಾ ನಮಾಜಿಗೆ ಹೋಗಿ ಓಡೋಡಿ ವಾಪಸ್ ಬಂದು "ಎಷ್ಟಾಯ್ತು?" ಎಂದು ಕೇಳಿದ. ಹೇಳುವುದಕ್ಕೇ ಮನಸ್ಸು ಬರಲಿಲ್ಲ. ಆ ದಿನ ಯೂಕಿ ಭಾಂಬ್ರಿ ದುಸಾನ್ ಲಾಜೊವಿಚ್‌ಗೆ ಸೋತರು, ಸೋಮ್‌ದೇವ್ ದೇವವರ್ಮನ್ ಫಿಲಿಪ್ ಕ್ರಾಜಿನೊವಿಚ್‌ಗೆ ಸೋತರು. 0-2. ಇನ್ನೊಂದು ಸೋತರೆ ಕಥೆ ಮುಗಿಯಿತು.

ಶನಿವಾರ ಡಬಲ್ಸ್. ನಮ್ಮ ಕಡೆ ಲಿಯಾಂಡರ್ ಪೇಸ್ ಮತ್ತು ಕೊಡಗಿನ ರೋಹನ್ ಬೋಪಣ್ಣ. ಮೊದಲ ಸೆಟ್ 1-6. ಎರಡನೆಯದು ಟೈಬ್ರೇಕರಿನಲ್ಲಿ ಹೋಯಿತು. ನನ್ನ ಪಕ್ಕದಲ್ಲಿದ್ದ ಒಂದು ಕುಟುಂಬ ಟಿಫಿನ್ ಡಬ್ಬಿ ಮುಚ್ಚಿ ಎದ್ದು ಹೋಯಿತು. ಅವರು ಪಾರ್ಕ್ ದಾಟುವಷ್ಟರಲ್ಲೇ ಆಟ ತಿರುಗಿತು ಎನ್ನಬೇಕು. ಮೂರನೇ ಸೆಟ್ 6-3, ನಾಲ್ಕನೆಯದು 6-3. ಐದನೇ ಸೆಟ್‌ಗೆ ಆಗಿನ ನಿಯಮದಲ್ಲಿ ಟೈಬ್ರೇಕರ್ ಇರಲಿಲ್ಲ, ಎರಡು ಗೇಮ್ ಮುಂದೆ ಹೋಗುವವರೆಗೂ ಆಡಬೇಕು. 8-6ರಿಂದ ಗೆದ್ದರು. ಎದುರಿಗಿದ್ದವರಲ್ಲಿ ಒಬ್ಬರು ನೆನಾದ್ ಜಿಮೊನ್ಜಿಚ್, ಒಂದು ಕಾಲದಲ್ಲಿ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. ನಾನು ಎದ್ದು ನಿಂತು ಕೂಗುತ್ತಿದ್ದೆ ಎಂದು ನನಗೆ ಗೊತ್ತಾದದ್ದು ಗೆಳೆಯ ಅಂಗಿ ಹಿಡಿದು ಎಳೆದು ಕೂರಿಸಿದಾಗ. ನಮ್ಮ ಊರಿನ ವಾಲಿಬಾಲ್ ಗಂಟಲು ಕಬ್ಬನ್ ಪಾರ್ಕಿನಲ್ಲಿ ಬಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಸಾಮಾನ್ಯ ಟೂರ್ನಿಯಲ್ಲಿ ಸೋತವನು ಚೀಲ ಹೆಗಲಿಗೇರಿಸಿ ಹೊರಡುತ್ತಾನೆ. ಡೇವಿಸ್ ಕಪ್‌ನಲ್ಲಿ ಸೋತವನು ಹೋಗಿ ಅಂಗಳದ ಬದಿಯ ಬೆಂಚಿನಲ್ಲಿ ಕೂರುತ್ತಾನೆ, ಮರುದಿನ ಇನ್ನೊಬ್ಬನಿಗಾಗಿ ಚಪ್ಪಾಳೆ ತಟ್ಟುತ್ತಾನೆ, ಅದರ ಮರುದಿನ ಮತ್ತೆ ರ‍್ಯಾಕೆಟ್ ಹಿಡಿಯುತ್ತಾನೆ. ಶುಕ್ರವಾರ ಸೋತ ಸೋಮ್‌ದೇವ್ ಇದೇ ರೀತಿ ಭಾನುವಾರ ಅಂಗಳಕ್ಕಿಳಿದರು. ಮೊದಲ ಸೆಟ್ 1-6. ಸರಿ, ಮುಗಿಯಿತು ಎಂದುಕೊಂಡೆವು. ಐದು ಸೆಟ್ ಎಳೆದು ಲಾಜೊವಿಚ್ ಅವರನ್ನು ಸೋಲಿಸಿದರು. 2-2. ಟೈ ಕೊನೆಯ ರಬ್ಬರಿಗೆ ಬಂತು, ಯೂಕಿ ಎದುರು ಕ್ರಾಜಿನೊವಿಚ್. ಯೂಕಿ ಮೊದಲ ಸೆಟ್ ಕಳೆದುಕೊಂಡಿದ್ದರು, ಎರಡನೆಯದು ಸಮಸಮವಾಗಿ ಸಾಗುತ್ತಿತ್ತು. ಆಗ ಮಳೆ ಬಂತು. ಕಾದೆವು. ಬಿಡಲಿಲ್ಲ. ಉಳಿದ ಆಟ ಸೋಮವಾರಕ್ಕೆ ಎಂದು ಘೋಷಿಸಿದರು.

ನನ್ನ ಜೇಬಿನಲ್ಲಿ ಆ ರಾತ್ರಿಯ ಶಿರಸಿ ಬಸ್ಸಿನ ಟಿಕೆಟ್ ಇತ್ತು. ಮಳೆ ಹೊಳವಾದಾಗ ತೋಟಕ್ಕೆ ಕೊಳೆ ಮದ್ದು ಹೊಡೆಯಬೇಕಿತ್ತು. ಕೊನೆಗೌಡ ಸೋಮವಾರಕ್ಕೆ ಸಿಕ್ಕಿದ್ದಾನೆ, ಬಂದುಬಿಡು ಎಂದು ಅಪ್ಪಯ್ಯ ಹಿಂದಿನ ವಾರವೇ ಹೇಳಿದ್ದರು. ಅಡಕೆ ಬೆಳೆಯುವ ಮನೆಯ ಮಕ್ಕಳಿಗೆ ವಿವರಿಸಬೇಕಿಲ್ಲ: ಕೊನೆಗೌಡ ಸಿಕ್ಕ ದಿನವೇ ಮುಹೂರ್ತ, ಅದನ್ನು ದಾಟಿಸಿದರೆ ಕೊಳೆ ನಮಗಾಗಿ ಕಾಯುವುದಿಲ್ಲ. ಗೆಳೆಯ ಮೆಜೆಸ್ಟಿಕ್‌ವರೆಗೆ ಬಂದು ಬೀಳ್ಕೊಟ್ಟ. ಅವನು ಸೋಮವಾರ ತರಗತಿ ತಪ್ಪಿಸಿ ಹೋದ. ನಾನು ಭೈರುಂಬೆಯ ತೋಟದಲ್ಲಿ ಸುಣ್ಣ, ಮೈಲುತುತ್ತ ಕದಡುತ್ತಿದ್ದೆ. ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಮಧ್ಯಾಹ್ನ ಲ್ಯಾಂಡ್‌ಲೈನ್ ರಿಂಗಾಯಿತು. ಆಯಿ ಎತ್ತಿ, "ಯಾರೋ ನಿನ್ನ ಸ್ನೇಹಿತ, ಸೋತ್ರಂತೆ ಅಂತ ಹೇಳ್ದ" ಎಂದಳು. ಕ್ರಾಜಿನೊವಿಚ್ ಮೂರು ನೇರ ಸೆಟ್‌ಗಳಲ್ಲಿ ಗೆದ್ದಿದ್ದರು. ಸರ್ಬಿಯಾ 3-2.

ಸೋತದ್ದು ಅಷ್ಟು ನೋಯಲಿಲ್ಲ, ಅಲ್ಲಿ ಇರಲಿಲ್ಲ ಎಂಬುದು ಇವತ್ತಿಗೂ ನೋಯುತ್ತದೆ. ಯಾಕೆ ಎಂದು ಹೇಳುವುದಕ್ಕೆ ಈ ಸ್ಪರ್ಧೆಯ ಇನ್ನೊಂದು ನಿಯಮ ಗೊತ್ತಿರಬೇಕು.

ವಿಂಬಲ್ಡನ್ ಯಾವಾಗಲೂ ಲಂಡನ್ನಿನಲ್ಲಿ. ಡೇವಿಸ್ ಕಪ್ ಟೈ ಹಾಗಲ್ಲ, ಆಡುವ ಎರಡು ದೇಶಗಳಲ್ಲಿ ಒಂದರ ನೆಲದಲ್ಲಿ ನಡೆಯುತ್ತದೆ. ಕಳೆದ ಸಲ ಅವರ ಮನೆಯಲ್ಲಾದರೆ ಈ ಸಲ ನಮ್ಮ ಮನೆಯಲ್ಲಿ. ಹಿಂದೆ ಆಡಿದ ಲೆಕ್ಕ ಇಲ್ಲದಿದ್ದರೆ ಚೀಟಿ. ಆತಿಥೇಯರಿಗೆ ಒಂದು ದೊಡ್ಡ ಹಕ್ಕು ಇದೆ: ಯಾವ ಊರು, ಯಾವ ಅಂಗಳ ಎಂದು ಆರಿಸುವ ಹಕ್ಕು. ಹುಲ್ಲು, ಮಣ್ಣು, ಸಿಮೆಂಟಿನಂಥ ಗಟ್ಟಿ ನೆಲ, ಒಳಾಂಗಣ, ಹೊರಾಂಗಣ. ಹುಲ್ಲಿನ ಮೇಲೆ ಚೆಂಡು ಜಾರಿ ಕೆಳಗೆ ಉಳಿಯುತ್ತದೆ, ಮಣ್ಣಿನ ಮೇಲೆ ನಿಧಾನವಾಗಿ ಎತ್ತರಕ್ಕೆ ಪುಟಿಯುತ್ತದೆ. ಒಂದರಲ್ಲಿ ಹುಲಿಯಾದವನು ಇನ್ನೊಂದರಲ್ಲಿ ಇಲಿಯಾಗಬಹುದು. 1987ರಲ್ಲಿ ಭಾರತ ಸಿಡ್ನಿಯ ಹುಲ್ಲಿನ ಮೇಲೆ ಆಸ್ಟ್ರೇಲಿಯಾವನ್ನು 3-2ರಿಂದ ಸೋಲಿಸಿ ಫೈನಲ್ ತಲುಪಿತು. ಫೈನಲ್ ಆತಿಥ್ಯ ಸ್ವೀಡನ್ನಿನದ್ದು. ಅವರು ಗೋಥೆನ್‌ಬರ್ಗ್‌ನಲ್ಲಿ ಛಾವಣಿಯ ಕೆಳಗೆ ಮಣ್ಣಿನ ಅಂಗಳ ಹಾಕಿಸಿದರು. 5-0. ಅನ್ಯಾಯ ಅನಿಸಬಹುದು. ಆದರೆ ನಾವೂ ಎದುರಾಳಿ ಬಂದಾಗ ಇದನ್ನೇ ಮಾಡುತ್ತ ಬಂದಿದ್ದೇವೆ. ಮತ್ತು ಮಣ್ಣು ಹಾಕಿದವರೆಲ್ಲ ಗೆಲ್ಲುವುದಿಲ್ಲ: 1993ರಲ್ಲಿ ಫ್ರಾನ್ಸ್ ತನ್ನ ಫ್ರೆಜುಸ್ ಊರಿನ ಮಣ್ಣಿಗೆ ನಮ್ಮನ್ನು ಕರೆಸಿಕೊಂಡು ಸೋತಿತು. ರಮೇಶ್ ಕೃಷ್ಣನ್, ಲಿಯಾಂಡರ್ ಪೇಸ್ ಆಡಿದ ಟೈ ಅದು.

ವಿಜ್ಞಾನ ವಿಭಾಗದವರಿಗೆ ಒಂದು ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಕಡಿಮೆ, ಚೆಂಡಿಗೆ ಎದುರಾಗುವ ತಡೆಯೂ ಕಡಿಮೆ. ಅದೇ ಹೊಡೆತಕ್ಕೆ ಚೆಂಡು ಇನ್ನಷ್ಟು ವೇಗವಾಗಿ, ದೂರವಾಗಿ ಹೋಗುತ್ತದೆ. ನೆದರ್ಲೆಂಡ್ಸ್‌ನ ಬಹುಭಾಗ ಸಮುದ್ರ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರುವ ದೇಶ. ಉಳಿದ ಲೆಕ್ಕ ನಿಮ್ಮ ಭೌತಶಾಸ್ತ್ರದ ಉಪನ್ಯಾಸಕರಲ್ಲಿ ಕೇಳಿ.

ನೆಲದ ಜೊತೆಗೆ ಆತಿಥೇಯರಿಗೆ ಸಿಗುವ ಇನ್ನೊಂದು ಲಾಭ ಎಂದರೆ ಜನ. ಅಂದರೆ ನೀವು, ನಾನು. ಡೋಲು, ಬಾವುಟ, ಹಾಡು, ಘೋಷಣೆ ಎಲ್ಲವೂ ಇಲ್ಲಿ ನಡೆಯುತ್ತದೆ. ಸ್ವಿಟ್ಜರ್ಲೆಂಡಿನವರು ದನದ ಕೊರಳಿನ ಗಂಟೆ ತಂದು ಬಾರಿಸುತ್ತಾರೆ, ಡಚ್ಚರು ಕಿತ್ತಳೆ ಬಣ್ಣದಲ್ಲಿ ಮುಳುಗಿ ಬರುತ್ತಾರೆ. ಆದರೆ ಚೆಂಡು ಆಟದಲ್ಲಿರುವಾಗ ಸದ್ದಿಲ್ಲ. ಸರ್ವ್ ಮಾಡುವವನು ಚೆಂಡನ್ನು ನೆಲಕ್ಕೆ ಕುಟ್ಟಲು ಶುರುಮಾಡಿದ ಎಂದರೆ ಡೋಲು ನಿಲ್ಲಬೇಕು, ಅಂಕ ಮುಗಿದ ಕೂಡಲೇ ಬೇಕಾದಷ್ಟು ಬಾರಿಸಿ. ಅಜಾನ್ ಕೇಳಿದಾಗ ನಮ್ಮ ಕಾಲೇಜಿನ ಮೈದಾನ ಹೇಗೆ ತಾನಾಗಿ ಸುಮ್ಮನಾಗುತ್ತದೋ, ಯಾರೂ ಸೀಟಿ ಊದಬೇಕಿಲ್ಲವೋ, ಆ ರೀತಿಯ ಅಭ್ಯಾಸ ಇದು. ಒಂದೆರಡು ಗೇಮ್ ನೋಡಿದರೆ ಮೈಗೂಡುತ್ತದೆ. ಎದುರಾಳಿ ಮೊದಲ ಸರ್ವ್ ತಪ್ಪಿಸಿದಾಗ ಚಪ್ಪಾಳೆ ತಟ್ಟುವುದು ಅಸಭ್ಯ ಎಂದೇ ಲೆಕ್ಕ, ನಾವು ಭಾರತೀಯರು ಅದನ್ನು ಮಾಡುತ್ತೇವೆ, ಮಾಡಬಾರದು. ಜನ ಮಿತಿ ಮೀರಿದರೆ ಅಂಪೈರ್ ಎಚ್ಚರಿಸಬಹುದು, ಆತಿಥೇಯ ತಂಡಕ್ಕೇ ದಂಡವಾಗಿ ಅಂಕ ಕಡಿಯಬಹುದು. 2000ದಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಪ್ರೇಕ್ಷಕರು ಅರ್ಜೆಂಟೀನಾದವರ ಮೇಲೆ ಕುರ್ಚಿ ಎಸೆದರು, ಆಟವನ್ನೇ ನಿಲ್ಲಿಸಬೇಕಾಯಿತು. ಅಭಿಮಾನಿಗಳು ಮಿತಿ ಮೀರಿದ ಉದಾಹರಣೆ.

ಇನ್ನೊಂದು ವಿಶೇಷ, ನಾಯಕ. ಇಲ್ಲಿ ನಾಯಕ ಸಾಮಾನ್ಯವಾಗಿ ಆಡುವವನಲ್ಲ. ಅಂಗಳದ ಒಳಗೇ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ, ಬದಿ ಬದಲಿಸುವಾಗ ಆಟಗಾರನಿಗೆ ಟವೆಲ್ ಕೊಟ್ಟು ಕಿವಿಮಾತು ಹೇಳುತ್ತಾನೆ. ಯಾರು ಆಡಬೇಕು, ಡಬಲ್ಸ್ ಜೋಡಿಯನ್ನು ಕೊನೆಯ ಗಳಿಗೆಯಲ್ಲಿ ಬದಲಿಸಬೇಕೋ ಬೇಡವೋ, ಎಲ್ಲ ಅವನ ತಲೆನೋವು. ಇದು ಎಷ್ಟು ದೊಡ್ಡ ತಲೆನೋವು ಎಂಬುದು ಕಳೆದ ಸೆಪ್ಟೆಂಬರ್‌ನಲ್ಲಿ ಗೊತ್ತಾಯಿತು. ಸ್ವಿಟ್ಜರ್ಲೆಂಡಿನ ಬೀಲ್ ಊರಿನಲ್ಲಿ ನಾಯಕ ರೋಹಿತ್ ರಾಜ್‌ಪಾಲ್ ಮೊದಲ ದಿನ ಅಂಗಳಕ್ಕಿಳಿಸಿದ್ದು ಆರುನೂರರ ಆಚೆಯ ರ‍್ಯಾಂಕಿನ ದಕ್ಷಿಣೇಶ್ವರ್ ಸುರೇಶ್ ಎಂಬ ಎತ್ತರದ ಹುಡುಗನನ್ನು. ಡೇವಿಸ್ ಕಪ್‌ನಲ್ಲಿ ಅವನಿಗೆ ಅದೇ ಮೊದಲು. ಅವನು ತನಗಿಂತ ನೂರಾರು ಸ್ಥಾನ ಮೇಲಿದ್ದ ಜೆರೋಮ್ ಕಿಮ್‌ನನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದ. ಸುಮಿತ್ ನಗಾಲ್ ಎರಡು ಗೆದ್ದರು. ಭಾರತ 3-1. ಯುರೋಪಿನ ತಂಡವನ್ನು ಯುರೋಪಿನಲ್ಲೇ ಸೋಲಿಸಿದ್ದು 1993ರ ಆ ಫ್ರೆಜುಸ್ ನಂತರ ಇದೇ ಮೊದಲು. ಆ ಗೆಲುವಿನಿಂದಲೇ ಈ ಬೆಂಗಳೂರಿನ ಪಂದ್ಯ ನಮ್ಮ ಪಾಲಿಗೆ ಬಂತು.

2014ರಲ್ಲಿ ಬೆಂಗಳೂರಿನಲ್ಲಿ ಆ ನಾಯಕನ ಕುರ್ಚಿಯಲ್ಲಿ ಕೂತಿದ್ದವರು ಆನಂದ್ ಅಮೃತರಾಜ್. ಪಂದ್ಯದ ಮಧ್ಯೆ ನನ್ನ ಗೆಳೆಯ ಅವರ ಕಡೆ ಬೆರಳು ತೋರಿಸಿ, "ಆ ಮನುಷ್ಯನ ಕೈಲಿ ಕಪ್ ಇರಬೇಕಿತ್ತು, ಗೊತ್ತಾ?" ಎಂದ. ಗೊತ್ತಿರಲಿಲ್ಲ. ಮಳೆಗೆ ಕಾಯುತ್ತ ಕೂತಾಗ ಹೇಳಿದ. ನನ್ನ ಮಟ್ಟಿಗೆ ಡೇವಿಸ್ ಕಪ್‌ನ 125 ವರ್ಷಗಳ ಕಥೆಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

1974. ಆನಂದ್, ಅವರ ತಮ್ಮ ವಿಜಯ್ ಅಮೃತರಾಜ್ ಇಬ್ಬರೂ ಇಪ್ಪತ್ತರ ಆಸುಪಾಸಿನವರು. ಆ ವರ್ಷ ಭಾರತ ಕಲ್ಕತ್ತಾದಲ್ಲಿ ಆಸ್ಟ್ರೇಲಿಯಾವನ್ನು 3-2ರಿಂದ, ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನು 3-1ರಿಂದ ಸೋಲಿಸಿ ಫೈನಲ್ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿ ಆಗ ವರ್ಣಭೇದ ನೀತಿ. ಕಪ್ಪು ಜನ, ಭಾರತೀಯ ಮೂಲದವರು ಎಲ್ಲಿ ವಾಸಿಸಬೇಕು, ಯಾವ ಶಾಲೆಗೆ ಹೋಗಬೇಕು, ಯಾವ ಬೆಂಚಿನ ಮೇಲೆ ಕೂರಬೇಕು ಎಂಬುದನ್ನೂ ಕಾನೂನು ಹೇಳುತ್ತಿತ್ತು. ಗಾಂಧೀಜಿಯನ್ನು ರೈಲಿನಿಂದ ತಳ್ಳಿದ ದೇಶ. ಅಂಥ ಆಡಳಿತ ಕಳುಹಿಸಿದ ತಂಡದ ಜೊತೆ ಆಡುವುದಿಲ್ಲ ಎಂದು ಭಾರತ ತೀರ್ಮಾನಿಸಿತು. ಒಂದು ಚೆಂಡೂ ಹಾರದೆ ಕಪ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಆಡದೆಯೇ ತೀರ್ಮಾನವಾದ ಡೇವಿಸ್ ಕಪ್ ಫೈನಲ್ ಅದೊಂದೇ. ಭಾರತ ಮೂರು ಸಲ ಫೈನಲ್ ತಲುಪಿದೆ, 1966, 1974, 1987. ಕಪ್ ಒಮ್ಮೆಯೂ ಬಂದಿಲ್ಲ. ಗೆಲ್ಲುವ ಸಾಧ್ಯತೆ ಹೆಚ್ಚಿದ್ದ ಸಲ ಯಾವುದು ಎಂದರೆ ಬಲ್ಲವರು 1974 ಎನ್ನುತ್ತಾರೆ, ಆ ಸಹೋದರರಿಗೂ ಹಾಗೇ ಅನಿಸಿತ್ತು. ಯುವಕರ ಕೈಗೆ ಬಂದ ತುತ್ತು ಅದು. ಬಿಟ್ಟದ್ದು ಸರಿ ಎಂದು ನಾನು ನಂಬುತ್ತೇನೆ, ಆದರೆ ಸರಿಯಾದ ಕೆಲಸ ಎಂದಮಾತ್ರಕ್ಕೆ ನೋವಾಗಲಿಲ್ಲ ಎಂದು ಹೇಳಲಾರೆ. ನಲವತ್ತು ವರ್ಷದ ನಂತರ, ಬಿಳಿಗೂದಲಿನ ಆ ಮನುಷ್ಯ ಮಳೆ ಬೀಳುವ ಅಂಗಳದ ಬದಿಯಲ್ಲಿ ನಿಂತು ಆಕಾಶ ನೋಡುತ್ತಿದ್ದದ್ದು ನನಗೆ ನೆನಪಿದೆ.

ಆಟದಲ್ಲಿ ರಾಜಕೀಯ ಬೇಡ ಎನ್ನುವವರು ಇದ್ದಾರೆ. ದೇಶಗಳ ಹೆಸರಿನಲ್ಲಿ ಆಡುವ ಆಟದಲ್ಲಿ ಅದು ಬೇಡ ಎಂದರೂ ಬಾಗಿಲು ತಟ್ಟುತ್ತದೆ. 2019ರಲ್ಲಿ ಭಾರತ–ಪಾಕಿಸ್ತಾನ ಟೈ ಇಸ್ಲಾಮಾಬಾದಿನಲ್ಲಿ ಆಗಬೇಕಿತ್ತು, ಕಜಕಸ್ತಾನಕ್ಕೆ ಸ್ಥಳಾಂತರವಾಯಿತು. 2024ರ ಫೆಬ್ರವರಿಯಲ್ಲಿ ಕೊನೆಗೂ ಭಾರತ ತಂಡ ಇಸ್ಲಾಮಾಬಾದಿಗೆ ಹೋಯಿತು, 60 ವರ್ಷಗಳ ನಂತರ. ಬಿಗಿ ಭದ್ರತೆಯಲ್ಲಿ, ಹುಲ್ಲಿನ ಅಂಗಳದಲ್ಲಿ ಆಡಿ 4-0ಯಿಂದ ಗೆದ್ದುಬಂತು. ಅಲ್ಲಿ ಪಾಕಿಸ್ತಾನದ ಪರ ಆಡಿದ ಐಸಾಮ್ ಉಲ್ ಹಕ್ ಖುರೇಷಿ ಒಂದು ಕಾಲದಲ್ಲಿ ನಮ್ಮ ಬೋಪಣ್ಣ ಅವರ ಡಬಲ್ಸ್ ಜೊತೆಗಾರ. 2010ರಲ್ಲಿ ಇಬ್ಬರೂ ಸೇರಿ ಅಮೆರಿಕನ್ ಓಪನ್ ಫೈನಲ್ ತಲುಪಿದ್ದರು, ಯುದ್ಧ ನಿಲ್ಲಿಸಿ ಟೆನಿಸ್ ಶುರುಮಾಡಿ ಎಂಬ ಸಂದೇಶ ಹೊತ್ತು ಆಡಿದ್ದರು. ಕಾಫಿ ತೋಟದ ಊರಿನಿಂದ ಹೋದ ಬೋಪಣ್ಣ 2024ರಲ್ಲಿ 43ನೇ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಡೇವಿಸ್ ಕಪ್‌ಗೆ 2023ರಲ್ಲಿ ಲಖನೌದಲ್ಲಿ ವಿದಾಯ ಹೇಳಿದ್ದರು, ಕಳೆದ ನವೆಂಬರ್‌ನಲ್ಲಿ ಆಟಕ್ಕೇ ವಿದಾಯ ಹೇಳಿದರು. ಈ ಸಲ ಬೆಂಗಳೂರಿನ ಅಂಗಳದಲ್ಲಿ ಅವರ ಸರ್ವ್ ಕಾಣುವುದಿಲ್ಲ.

ಕಪ್‌ನ ಹುಟ್ಟಿನ ಬಗ್ಗೆ ಎರಡೇ ಮಾತು ಸಾಕು. 1900ರಲ್ಲಿ ಡ್ವೈಟ್ ಡೇವಿಸ್ ಎಂಬ ಅಮೆರಿಕದ ವಿದ್ಯಾರ್ಥಿ ಬೆಳ್ಳಿಯ ಬಟ್ಟಲೊಂದನ್ನು ಮಾಡಿಸಿ ಬ್ರಿಟನ್ನಿನವರನ್ನು ಆಟಕ್ಕೆ ಕರೆದ, ತಾನೂ ಆಡಿದ. ಎರಡು ದೇಶಗಳಿಂದ ಆರಂಭವಾದದ್ದು ಈಗ ನೂರೈವತ್ತರ ಆಸುಪಾಸು ದೇಶಗಳಿಗೆ ಹಬ್ಬಿದೆ. ಭಾರತ 1921ರಲ್ಲೇ ಸೇರಿತು, ಮೊದಲ ಟೈನಲ್ಲೇ ಪ್ಯಾರಿಸ್ಸಿನಲ್ಲಿ ಫ್ರಾನ್ಸನ್ನು ಸೋಲಿಸಿತು. ಮಹಿಳೆಯರಿಗೆ ಬೇರೆ ಕಪ್ ಇದೆ. 1963ರಿಂದ ಫೆಡ್ ಕಪ್ ಎಂದಿತ್ತು, 2020ರಿಂದ ಅದಕ್ಕೆ ಬಿಲ್ಲಿ ಜೀನ್ ಕಿಂಗ್ ಅವರ ಹೆಸರು. ಅದರ ಪ್ಲೇ-ಆಫ್ ಒಂದು ಕಳೆದ ನವೆಂಬರ್‌ನಲ್ಲಿ ಬೆಂಗಳೂರಿನ ಇದೇ ಕ್ರೀಡಾಂಗಣದಲ್ಲಿ ನಡೆಯಿತು. ನಮ್ಮ ವಿದ್ಯಾರ್ಥಿನಿಯರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನೋಟಿಸ್ ಬೋರ್ಡಿನಲ್ಲಿ ಹಾಕದ ತಪ್ಪು ನನ್ನದೇ.

ಈಗ ಏಣಿಯ ಲೆಕ್ಕ. ಎಲ್ಲ ದೇಶಗಳೂ ಒಂದೇ ಮಟ್ಟದಲ್ಲಿ ಆಡುವುದಿಲ್ಲ, ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಇವೆ. ಗೆದ್ದವರು ಹತ್ತುತ್ತಾರೆ, ಸೋತವರು ಇಳಿಯುತ್ತಾರೆ. ಈ ಫೆಬ್ರವರಿಯದ್ದು ಅರ್ಹತಾ ಪಂದ್ಯಗಳ ಮೊದಲ ಸುತ್ತು: 26 ದೇಶ, 13 ಟೈ. ಗೆದ್ದ 13ರ ಜೊತೆ ಕಳೆದ ಸಲದ ರನ್ನರ್-ಅಪ್ ಸ್ಪೇನ್ ಸೇರಿ ಸೆಪ್ಟೆಂಬರ್‌ನಲ್ಲಿ ಎರಡನೇ ಸುತ್ತು ಆಡುತ್ತವೆ. ಅಲ್ಲಿ ಗೆದ್ದ ಏಳು ಹಾಗೂ ಆತಿಥೇಯ ಇಟಲಿ ಸೇರಿ ಎಂಟು ತಂಡಗಳು ನವೆಂಬರ್‌ನಲ್ಲಿ ಇಟಲಿಯಲ್ಲಿ ಕಪ್‌ಗಾಗಿ ಆಡುತ್ತವೆ. ಬೆಂಗಳೂರಿನಲ್ಲಿ ಸೋತವರು ಒಂದು ಮೆಟ್ಟಿಲು ಕೆಳಗೆ, ವಿಶ್ವ ಗುಂಪು ಒಂದರಲ್ಲಿ ಸೆಪ್ಟೆಂಬರ್‌ಗೆ ಕಾಯಬೇಕು.

ಎಂಟು ತಂಡಗಳು ಒಂದೇ ಊರಿನಲ್ಲಿ ಸೇರುವ ಈ ಪದ್ಧತಿ 2019ರಿಂದ ಬಂದ ಬದಲಾವಣೆಯ ಫಲ. ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆ ಅವರ ಕಂಪನಿ 25 ವರ್ಷಕ್ಕೆ ಒಪ್ಪಂದ ಮಾಡಿಕೊಂಡು ಕೊನೆಯ ಹಂತವನ್ನು ಒಂದು ವಾರದ ಜಾತ್ರೆಯನ್ನಾಗಿ ಮಾಡಿತು. ಒಪ್ಪಂದ 2023ರ ಆರಂಭದಲ್ಲೇ ಮುರಿದುಬಿತ್ತು, ಜಾತ್ರೆ ಉಳಿಯಿತು. ಅಭಿಮಾನಿಗಳ ದೂರು ಏನೆಂದರೆ, ತಟಸ್ಥ ಊರಿನಲ್ಲಿ ಎರಡು ಹೊರದೇಶಗಳು ಆಡಿದರೆ ಕೂಗುವವರು ಯಾರು? ಅರ್ಧ ಖಾಲಿ ಕುರ್ಚಿಗಳ ಮುಂದೆ ದೇಶಕ್ಕಾಗಿ ಆಡುವುದು ಹೇಗೆ? ನಾನೂ ಆ ದೂರಿನ ಪಕ್ಷದವನೇ. ಆದರೂ ಆ ಹಂತದಲ್ಲೂ ಮರೆಯಲಾಗದ ಸಂಜೆಗಳಿವೆ. 2024ರ ನವೆಂಬರ್‌ನಲ್ಲಿ ಸ್ಪೇನಿನ ಮಲಗಾದಲ್ಲಿ ರಫೆಲ್ ನಡಾಲ್ ತಮ್ಮ ಕೊನೆಯ ಪಂದ್ಯ ಆಡಿದ್ದು ಡೇವಿಸ್ ಕಪ್‌ನಲ್ಲೇ. ಅವರನ್ನು ಸೋಲಿಸಿದ್ದು ಇದೇ ನೆದರ್ಲೆಂಡ್ಸ್ ತಂಡದ ಬೊಟಿಕ್ ವಾನ್ ಡಿ ಝಾಂಡ್‌ಶುಲ್ಪ್. ಆ ವರ್ಷ ನೆದರ್ಲೆಂಡ್ಸ್ ಫೈನಲ್‌ವರೆಗೆ ಹೋಗಿ ಇಟಲಿಗೆ ಸೋತಿತು. ಬರುತ್ತಿರುವವರು ಸಾಮಾನ್ಯರಲ್ಲ ಎಂದು ಹೇಳುವುದಕ್ಕೆ ಇಷ್ಟು ಬರೆದೆ.

ಹೋಗುವವರಿಗೆ: ಕ್ರೀಡಾಂಗಣಕ್ಕೆ ಈಗ ಎಸ್.ಎಂ. ಕೃಷ್ಣ ಅವರ ಹೆಸರಿದೆ. ಮಾಜಿ ಮುಖ್ಯಮಂತ್ರಿಗಳು ಟೆನಿಸ್ ಪ್ರೇಮಿ. ಶಿರಸಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಮೂರನೇ ನಿಲ್ದಾಣ ಕಬ್ಬನ್ ಪಾರ್ಕ್, ನಂತರ ನಡಿಗೆ. ಟೋಪಿ ಇರಲಿ, ಫೆಬ್ರವರಿ ಬಿಸಿಲು ಮಧ್ಯಾಹ್ನ ಚುರುಕಾಗಿರುತ್ತದೆ. ಒಂದು ದಿನ ಮಾತ್ರ ಸಾಧ್ಯ ಎಂದಾದರೆ ಭಾನುವಾರ ಹೋಗಿ. ಡಬಲ್ಸ್ ಅಂದೇ, ಟೈ ತೀರ್ಮಾನವೂ ಅಂದೇ. ಒಂದು ತಂಡ ಮೂರು ಗೆದ್ದ ಮೇಲೆ ಉಳಿಯುವ ರಬ್ಬರಿಗೆ 'ಡೆಡ್ ರಬ್ಬರ್' ಎನ್ನುತ್ತಾರೆ, ಅದನ್ನು ಆಡಿಸಬಹುದು, ಬಿಡಲೂಬಹುದು. 0-2 ಆದರೂ ಎದ್ದು ಬರಬೇಡಿ. ದ್ವಿತೀಯ ಪಿಯು ವಿದ್ಯಾರ್ಥಿಗಳು ಮಾತ್ರ ದಯವಿಟ್ಟು ಮನೆಯಲ್ಲೇ ಇರಿ, ವಾರ್ಷಿಕ ಪರೀಕ್ಷೆ ಹೊಸ್ತಿಲಲ್ಲಿದೆ, ನಿಮ್ಮ ಪಾಲಕರು ನನ್ನನ್ನು ಹುಡುಕಿಕೊಂಡು ಬರುವುದು ಬೇಡ. ಸ್ಕೋರನ್ನು ನಾನೇ ಕಳಿಸುತ್ತೇನೆ.

ಭಟ್ಕಳದ ಗೆಳೆಯ ಈಗ ದುಬೈನಲ್ಲಿದ್ದಾನೆ. ರಜೆ ಹೊಂದಿಸಿಕೊಂಡು ಬರುತ್ತೇನೆ ಎಂದಿದ್ದಾನೆ, ಟಿಕೆಟ್ ಈ ಸಲ ನನ್ನ ಖರ್ಚು. ಕಳೆದ ವಾರ ನಾನು ರಜೆ ಅರ್ಜಿ ಕೊಡಲು ಹೋದಾಗ ಪ್ರಾಂಶುಪಾಲರು ಅದನ್ನು ಓದಿ ಕನ್ನಡಕ ಕೆಳಗಿಳಿಸಿ ನೋಡಿದರು. "ಪಂದ್ಯ ಶನಿವಾರ, ಭಾನುವಾರ. ನೀವು ಒಂಬತ್ತನೇ ತಾರೀಖು ಸೋಮವಾರ ಯಾಕೆ ರಜೆ ಕೇಳಿದ್ದೀರಿ?"

"ಮಳೆ ಬಂದರೆ ಅಂತ, ಸರ್" ಎಂದೆ.

"ಫೆಬ್ರವರಿಯಲ್ಲಾ?" ಎಂದು ನಕ್ಕು ಸಹಿ ಹಾಕಿದರು.